ಆರು ಪರ್ಸೆಂಟ್‌ನಲ್ಲಿ ಅಡಗಿದ್ದ ಗುಟ್ಟು

ವೈರಸ್ ಅಂದ ತಕ್ಷಣ ನಿಮ್ಮ ತಲೆಗೆ ಬರೋದು ಆ ಮುಳ್ಳುಮುಳ್ಳಿನ ಕೊರೊನಾ ಚೆಂಡು, ಅಲ್ವಾ? ನಾನಿವತ್ತು ಹೇಳ್ತಿರೋ ವೈರಸ್ ಚೆಂಡಲ್ಲ, ಕಡ್ಡಿ. ಮನುಷ್ಯರನ್ನು ಅದು ಮುಟ್ಟೋದೂ ಇಲ್ಲ. ತಂಬಾಕಿನ ಎಲೆ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಮೂಡಿಸುವ ಮೊಸಾಯಿಕ್ ವೈರಸ್ ಅದು. ವಿಜ್ಞಾನ ಮೊದಲು ಗುರುತಿಸಿದ ವೈರಸ್ಸೂ ಅದೇ.

1892ರಲ್ಲಿ ರಷ್ಯಾದ ದಿಮಿತ್ರಿ ಇವನೊವ್‌ಸ್ಕಿ ರೋಗದ ಎಲೆಗಳ ರಸವನ್ನು ಪಿಂಗಾಣಿ ಫಿಲ್ಟರ್‌ನಲ್ಲಿ ಸೋಸಿದರು. ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ರಂಧ್ರಗಳು. ಆದರೂ ಸೋಸಿದ ರಸದಿಂದ ಗಿಡಕ್ಕೆ ರೋಗ ಬಂತು! 1898ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಯರಿಂಕ್, ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಒಂದು ಜೀವಂತ ದ್ರವ ಅಂದರು. ದ್ರವ ಅನ್ನೋದು ತಪ್ಪಾಯ್ತು. ಆದರೆ ಅವರು ಇನ್ನೊಂದು ಮಾತು ಹೇಳಿದ್ದರು: ಇದು ಜೀವಂತ ಗಿಡದೊಳಗೆ ಮಾತ್ರ ಹೆಚ್ಚುತ್ತದೆ, ಹೊರಗಿಟ್ಟರೆ ಸುಮ್ಮನಿರುತ್ತದೆ. ವೈರಸ್ಸಿನ ಮುಖ್ಯ ಲಕ್ಷಣ ಇವತ್ತಿಗೂ ಅದೇ. ಅದಕ್ಕೆ ಸ್ವಂತ ಅಡುಗೆಮನೆ ಇಲ್ಲ, ಬೇರೆಯವರ ಜೀವಕೋಶಕ್ಕೆ ನುಗ್ಗಿ ಅಲ್ಲಿನ ಒಲೆ, ಪಾತ್ರೆಯಲ್ಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ಈ ವೈರಸ್ಸನ್ನು ಹರಳುಗಟ್ಟಿಸಿದರು. ಉಪ್ಪು, ಸಕ್ಕರೆ ಹರಳಾಗೋದು ಗೊತ್ತು. ರೋಗ ಹರಳಾಗುತ್ತಾ? ಆ ಹರಳನ್ನು ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ. ಹಾಗಾದರೆ ಇದು ಜೀವವೋ, ಬರೀ ರಾಸಾಯನಿಕವೋ? ಸ್ಟಾನ್ಲಿ ಇದನ್ನು ಪ್ರೋಟೀನ್ ಅಂದರು. 1946ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು.

ನನಗೆ ತುಂಬಾ ಇಷ್ಟವಾಗೋದು ಇಲ್ಲಿಂದ ಮುಂದಿನ ಕಥೆ. ಇಂಗ್ಲೆಂಡಿನಲ್ಲಿ ಬಾಡೆನ್ ಮತ್ತು ಪಿರಿ ಅದಾಗಲೇ, 1936ರಲ್ಲೇ, ಆ ಪ್ರೋಟೀನ್ ಜೊತೆ ಇನ್ನೊಂದು ವಸ್ತು ಇರೋದನ್ನು ಕಂಡಿದ್ದರು: ಆರ್‌ಎನ್‌ಎ. ತೂಕದಲ್ಲಿ ಸುಮಾರು ನೂರಕ್ಕೆ ಆರು ಭಾಗವಷ್ಟೇ. ಇಷ್ಟು ಕಮ್ಮಿ ಇರೋದನ್ನು ಯಾರು ಲೆಕ್ಕಕ್ಕೆ ತಗೋತಾರೆ? ಇಪ್ಪತ್ತು ವರ್ಷ ಕಳೆದ ಮೇಲೆ, 1956ರಲ್ಲಿ, ಪ್ರೋಟೀನನ್ನು ಪೂರ್ತಿ ತೆಗೆದು ಆ ಆರ್‌ಎನ್‌ಎ ಒಂದನ್ನೇ ಎಲೆಗೆ ಹಚ್ಚಿ ನೋಡಿದರು. ರೋಗ ಬಂತು. ಅಂದರೆ ಉಳಿದ 94 ಭಾಗ ಬರೀ ಕವಚ!

ಆ ಕವಚದ ವಿನ್ಯಾಸ ಬಿಡಿಸಿದವರಲ್ಲಿ ಮುಖ್ಯರಾದವರು ರೋಸಲಿಂಡ್ ಫ್ರಾಂಕ್ಲಿನ್. ಡಿಎನ್‌ಎ ಕಥೆಯಲ್ಲಿ ಮಾತ್ರ ಅವರನ್ನು ನೆನೆಯೋದು ನನಗೆ ಅನ್ಯಾಯ ಅನ್ನಿಸುತ್ತೆ. ಮೆಕ್ಕೆಜೋಳದ ತೆನೆ ಕಲ್ಪಿಸಿಕೊಳ್ಳಿ, ಆದರೆ ನಡುವೆ ದಿಂಡಿಲ್ಲ, ಟೊಳ್ಳು. ಕಾಳುಗಳೆಲ್ಲ ಒಂದೇ ಥರದ ಪ್ರೋಟೀನ್ ತುಣುಕುಗಳು, ಸುರುಳಿಯಾಗಿ ಜೋಡಿಸಿದ್ದು, 2,130. ಆರ್‌ಎನ್‌ಎ ದಾರ ಇರೋದು ಟೊಳ್ಳಿನಲ್ಲಲ್ಲ, ಆ ಕಾಳುಗಳ ಸಂದಿಯಲ್ಲಿ ಸುತ್ತಿಕೊಂಡು. ಇಡೀ ಕಡ್ಡಿಯ ಉದ್ದ 300 ನ್ಯಾನೋಮೀಟರ್, ಒಂದು ಮಿಲಿಮೀಟರ್‌ಗೆ ಮೂರು ಸಾವಿರಕ್ಕೂ ಹೆಚ್ಚು ಕಡ್ಡಿ ಸಾಲಾಗಿ ನಿಲ್ಲುತ್ತವೆ.

1958ರ ಬ್ರಸೆಲ್ಸ್ ವಿಶ್ವ ಮೇಳಕ್ಕೆ ಫ್ರಾಂಕ್ಲಿನ್ ಇದರ ದೊಡ್ಡ ಮಾದರಿ ಮಾಡಿಸಿದ್ದರು, ಸೈಕಲ್ ಹ್ಯಾಂಡಲ್‌ನ ಪ್ಲಾಸ್ಟಿಕ್ ಹಿಡಿ, ಟೇಬಲ್ ಟೆನಿಸ್ ಚೆಂಡು ಬಳಸಿ. ಮೇಳ ಶುರುವಾಗಿದ್ದು ಏಪ್ರಿಲ್ 17ಕ್ಕೆ. ಅದರ ಹಿಂದಿನ ದಿನ ಅವರು ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ವಯಸ್ಸು 37.