ಇಳಿಮಾಡಿನ ಕೆಳಗಿನ ಬಚ್ಚಲು

ಮಲೆನಾಡು, ಕರಾವಳಿಯ ಹಳೆಯ ಹಂಚಿನ ಮನೆಗಳಲ್ಲಿ ಬಚ್ಚಲು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮಾಡು ಎಲ್ಲಿ ತೀರಾ ತಗ್ಗಿದೆಯೋ ಅಲ್ಲಿಗೆ ಹೋದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಮನೆಯ ಮಾಡು ಹಿತ್ತಿಲ ಕಡೆಗೆ ಇಳಿದು, ಗೋಡೆ ದಾಟಿ, ಇನ್ನಷ್ಟು ಮುಂದೆ ಚಾಚಿರುತ್ತದೆ. ಆ ಇಳಿಮಾಡಿನ ಕೆಳಗೆ ಮಣ್ಣಿನ ಒಲೆಯಲ್ಲಿ ಹೂತ ತಾಮ್ರದ ಹಂಡೆ, ಪಕ್ಕದಲ್ಲಿ ಬಚ್ಚಲುಕಲ್ಲು. ಇದಕ್ಕೆ ಎರಡು ಕಾರಣ ಹೇಳುವ ರೂಢಿಯಿದೆ. ಬಚ್ಚಲು ಮೈಲಿಗೆಯ ಜಾಗ, ಅದಕ್ಕೇ ಅಂಚಿಗೆ ತಳ್ಳಿದರು ಎನ್ನುವುದು ಒಂದು; ಯಾವುದಕ್ಕೂ ಒದಗದ ಮೂಲೆಯನ್ನು ಸ್ನಾನಕ್ಕೆ ಬಿಟ್ಟರು ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಷ್ಟೇ ಇದೆ. ಕೂತು ಮೀಯುವವರಿಗೆ, ಕಟ್ಟಿಗೆ ಉರಿಸಿ ನೀರು ಕಾಯಿಸುವವರಿಗೆ ತಗ್ಗು ಮಾಡೇ ತಕ್ಕ ಮಾಡಾಗಿತ್ತು ಎಂದು ನನಗನಿಸುತ್ತದೆ.

ಮೊದಲು ಲೆಕ್ಕ ನೋಡೋಣ. ಹಂಚಿನ ಮಾಡಿಗೆ ಸುಮಾರು 30 ಡಿಗ್ರಿಯಾದರೂ ಇಳಿಜಾರು ಬೇಕು. ಅದಕ್ಕಿಂತ ಕಡಿಮೆಯಾದರೆ ಆಷಾಢದ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಮ್ಮುಖವಾಗಿ ನುಗ್ಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಇದರಲ್ಲಿ ರಿಯಾಯಿತಿ ಇಲ್ಲ. ಅಂದರೆ ಗೋಡೆಯಿಂದ 6 ಅಡಿ ಮುಂದೆ ಚಾಚಿದ ಮಾಡು ಹೆಚ್ಚುಕಡಿಮೆ 3.5 ಅಡಿ ತಗ್ಗಲೇಬೇಕು. ಒಳಗೋಡೆಯ ಹತ್ತಿರ 9 ಅಡಿ ಇದ್ದದ್ದು ಸೂರಿನ ಬಳಿ ಐದೂವರೆ ಅಡಿಗೆ ಬರುತ್ತದೆ. ಎತ್ತರದ ಆಳಾದರೆ ಪಕಾಸಿಗೆ ತಲೆ ತಾಗುತ್ತದೆ. ನಿಂತು ಮಾಡುವ ಕೆಲಸಕ್ಕೆ ಈ ಜಾಗ ಆಗದು. ಮೀಯುವವನು ಮಾತ್ರ ಮಣೆಯ ಮೇಲೋ ಕಲ್ಲಿನ ಮೇಲೋ ಕುಕ್ಕರಿಸಿ, ತಂಬಿಗೆಯಿಂದ ನೀರು ಹೊಯ್ದುಕೊಳ್ಳುತ್ತಾನೆ. ಅವನ ತಲೆ ನೆಲದಿಂದ 3 ಅಡಿಗಿಂತ ಹೆಚ್ಚು ಮೇಲೇಳುವುದಿಲ್ಲ, ತಂಬಿಗೆ ಎತ್ತಿದ ಕೈ ಇನ್ನೊಂದು ಅಡಿ.

ಆದರೆ ಉಣ್ಣುವವರೂ ನೆಲದ ಮೇಲೆ ಕೂತೇ ಉಣ್ಣುತ್ತಿದ್ದರಲ್ಲ, ಪಂಕ್ತಿಯನ್ನೇಕೆ ಇಳಿಮಾಡಿಗೆ ಸಾಗಿಸಲಿಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೂರುವ ಭಂಗಿಯಿಂದ ತಗ್ಗು ಮಾಡು ಸಾಲುತ್ತಿತ್ತು, ಅಷ್ಟೆ. ಅದು ಬೇಕಾಗುವಂತೆ ಮಾಡಿದ್ದು ಬೆಂಕಿ ಮತ್ತು ನೀರು. ಹಂಡೆಯ ಒಲೆಗೆ ಅಡುಗೆಗೆ ಇಡುವಂಥ ಒಣ ಸೌದೆ ಯಾರೂ ಇಡುವುದಿಲ್ಲ. ಮಡಲು, ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ತೋಟದ ಕಸಕಡ್ಡಿ, ಹೀಗೆ ಅರೆಹಸಿಯಾದದ್ದೆಲ್ಲ ಅದರ ಬಾಯಿಗೇ. ಹೊಗೆ ಧಾರಾಳ. ಅದು ಹಂಚಿನ ಸಂದುಗಳಲ್ಲಿ ನಿಧಾನವಾಗಿ ಹೊರಗೆ ಹೋಗುವಾಗ ಪಕಾಸು, ರೀಪುಗಳಿಗೆ ಕರಿ ಹಿಡಿದು, ಹುಳ ಮರಕ್ಕೆ ಅಷ್ಟು ಸುಲಭವಾಗಿ ಬಾಯಿ ಹಾಕುತ್ತಿರಲಿಲ್ಲ. ಮಾಡು ತಗ್ಗಾದ್ದರಿಂದ ಕಾವೂ ಅಲ್ಲೇ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಒದ್ದೆ ಕಂಬಳಿ, ಮಗುವಿನ ಬಟ್ಟೆ ಒಣಗುತ್ತಿದ್ದದ್ದು ಹಂಡೆಯ ಮೇಲೆ ಕಟ್ಟಿದ ಬಿದಿರಿನ ಗಳದಲ್ಲಿ. ಎಣ್ಣೆ ತಿಕ್ಕಿಸಿಕೊಂಡ ಬಾಣಂತಿಗೆ ಮನೆಯಲ್ಲೆಲ್ಲ ಬೆಚ್ಚಗಿನ ಜಾಗವೂ ಇದೇ. ಇನ್ನು ನೀರು: ಮಾಡು ಇಳಿಯುವ ದಿಕ್ಕಿಗೇ ನೆಲವೂ ಇಳಿಯುತ್ತದೆ, ಬಚ್ಚಲ ನೀರು ಸೂರಿನಾಚೆಯ ಬಾಳೆಬುಡಕ್ಕೋ ಬಸಳೆ ಚಪ್ಪರಕ್ಕೋ ತಾನಾಗಿ ಹೋಗುತ್ತದೆ.

ಈ ಏರ್ಪಾಡು ಅನಾದಿಯದ್ದು ಎಂದು ಭಾವಿಸಬೇಕಿಲ್ಲ. ಸೋಗೆ, ಹುಲ್ಲು ಹೊದೆಸಿದ ತಗ್ಗು ಮಾಡಿನ ಕೆಳಗೆ ದೊಡ್ಡ ಒಲೆ ಉರಿಸುವುದೆಂದರೆ ಕಿಡಿಯ ಭಯ ತಪ್ಪಿದ್ದಲ್ಲ. ಒಲೆಯನ್ನು ಮನೆಯಿಂದ ದೂರವಿಡುವುದೇ ಕ್ಷೇಮ. ಉಳ್ಳವರ ಮನೆಗಳಿಗೆ ನಾಡಹಂಚು ಇತ್ತು, ನಿಜ. ಹಂಚು ಸಾಮಾನ್ಯರ ಮಾಡಿಗೂ ಏರಿದ್ದು 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನಿಂದ ಒತ್ತಿದ, ಒಂದಕ್ಕೊಂದು ಕಚ್ಚಿ ಕೂರುವ ಆ ಹಂಚಿನ ವಿನ್ಯಾಸದ ಮೂಲ ಫ್ರಾನ್ಸಿನ ಅಲ್ಸಾಸ್ ಸೀಮೆಯ ಗಿಲಾರ್ಡೋನಿ ಸಹೋದರರದು. ಕಿಡಿಗೆ ಹೆದರದ ಈ ಮಾಡು ಬಂದಮೇಲೆ ಹಂಡೆ ಒಲೆ ಮನೆಯ ಗೋಡೆಗೇ ಒರಗಿ ನಿಲ್ಲಬಹುದಾಯಿತು. ಕತ್ತಲ ಬಚ್ಚಲಿಗೆ ಬೆಳಕು ಬೇಕೆಂದರೆ ನಡುವೆ ಒಂದು ಗಾಜಿನ ಹಂಚು ಸೇರಿಸಿದರೆ ಮುಗಿಯಿತು.

ಮೈಲಿಗೆಯ ವಾದಕ್ಕೆ ಬಲವಿಲ್ಲದಿಲ್ಲ. ಸಾವಿನ ಮನೆಯಿಂದ ಬಂದವರು ಹಿತ್ತಿಲಿಂದ ಸುತ್ತಿ ನೇರ ಬಚ್ಚಲಿಗೆ ಹೋಗುತ್ತಿದ್ದರು, ಅದಕ್ಕೆಂದೇ ಹೊರಬಾಗಿಲು. ಆದರೆ ಇದೇ ಬಚ್ಚಲು ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಅಂಟಿಕೊಂಡಿದೆ, ಮಡಿಯುಟ್ಟವರು ಅಲ್ಲಿಂದಲೇ ಒಳಗೆ ಬರುತ್ತಿದ್ದರು. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಹುಣಿಸೆಹಣ್ಣಿನಲ್ಲಿ ಬೆಳಗಿದ ಹಂಡೆಯ ಕುತ್ತಿಗೆಗೆ ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜಿಸುತ್ತಾರೆ. ಮೈಲಿಗೆಯ ಮೂಲೆಗೆ ಸಲ್ಲುವ ಮರ್ಯಾದೆ ಇದಲ್ಲ. ಮಡಿಯ ಕಟ್ಟಳೆ ಇಲ್ಲದ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲೂ ತಾಮ್ರದ ಭಾಣ ಹಿತ್ತಿಲ ಇಳಿಮಾಡಿನ ಕೆಳಗೇ ಇರುತ್ತಿತ್ತು. ಮಡಿ ತೀರ್ಮಾನಿಸಿದ್ದು ಬಾಗಿಲನ್ನು ಮಾತ್ರ. ಉಳಿದ ಮೂಲೆ ಎನ್ನುವವರಿಗೂ ಒಂದು ಮಾತು: ಮನೆಯ ಪಾತ್ರೆಪರಡಿಯಲ್ಲೇ ಹೆಚ್ಚು ತಾಮ್ರ ನುಂಗಿದ್ದು ಈ ಹಂಡೆ. ಅದನ್ನು ಯಾರೂ ಬೇಡದ ಮೂಲೆಯಲ್ಲಿ ಹೂಳುವುದಿಲ್ಲ.

ಯುರೋಪಿನ ಮಾತು ಇಲ್ಲಿ ಒಂದಿಷ್ಟು ನೆರವಿಗೆ ಬರುತ್ತದೆ. ಅಲ್ಲಿ ಅಟ್ಟವನ್ನು ಬಚ್ಚಲಾಗಿಸುವವರು ಸ್ನಾನದ ತೊಟ್ಟಿಯನ್ನು ಮಾಡಿನ ತಗ್ಗು ಬದಿಗೆ ಉದ್ದಕ್ಕೆ ಇಟ್ಟು, ಕಾಲಿಟ್ಟು ಇಳಿಯುವ ಕಡೆ ಮಾತ್ರ ಆಳೆತ್ತರ ಉಳಿಸಿಕೊಳ್ಳುತ್ತಾರೆ. ಹಂಡೆಯೂ ಇಲ್ಲ, ಹೊಗೆಯೂ ಇಲ್ಲ. ಆದರೂ ತೊಟ್ಟಿ ಅಲ್ಲಿಗೆ ಒಗ್ಗುವುದು ಮೀಯುವವರು ಒರಗಿರುತ್ತಾರೆ ಎಂಬ ಕಾರಣಕ್ಕೆ. ಎರಡೂ ಕಡೆ ಈ ಹೊಂದಿಕೆಯನ್ನು ಕೆಡಿಸುವುದು ಶವರ್. ನಮ್ಮಲ್ಲಿ ತಪ್ಪನ್ನು ತಾರಸಿಯ ಮೇಲೆ ಹೊರಿಸುತ್ತಾರೆ, ಅದು ಪೂರ್ತಿ ಸರಿಯಲ್ಲ: ಹಂಚಿನ ಮಾಡು ಹಾಗೇ ಇರುವ ಮನೆಗಳಲ್ಲೂ ನಿಂತು ಮೀಯುವ ರೂಢಿ ಬಂದಕೂಡಲೇ ಬಚ್ಚಲು ಇಕ್ಕಟ್ಟೆನಿಸತೊಡಗಿತು. ರಿಪೇರಿಗೆ ಇಳಿದವರು ಶವರನ್ನು ಎತ್ತರವಿರುವ ಒಳಗೋಡೆಗೆ ಸಿಕ್ಕಿಸುತ್ತಾರೆ. ತೂಬು ಮಾತ್ರ ಇನ್ನೂ ಸೂರಿನ ಬದಿಯಲ್ಲೇ ಇರುವುದರಿಂದ ನೀರು ಕೋಣೆಯ ನೆಲವನ್ನೆಲ್ಲ ದಾಟಿ ಹೋಗಬೇಕು, ಹೊಸ ಟೈಲ್ಸ್ ಸದಾ ಒದ್ದೆ.