ನೊಂದ ದೇಹಕ್ಕೆ ಇಟ್ಟಿಗೆಯ ಆಸರೆ

ಮರದ ಇಟ್ಟಿಗೆ, ಬಟ್ಟೆಯ ಪಟ್ಟಿ, ದಿಂಬು, ಮಡಚುವ ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ. ಇಂದು ಎಷ್ಟೋ ಯೋಗಶಾಲೆಗಳಲ್ಲಿ ಇವು ಕಾಣಸಿಗುತ್ತವೆ. ಈ ಪರಿಕರಗಳಿಗೆ ಮನ್ನಣೆ ತಂದವರು ನೋವನ್ನು ಸ್ವತಃ ಉಂಡಿದ್ದ ಬಿ.ಕೆ.ಎಸ್. ಅಯ್ಯಂಗಾರ್.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರದು ಕಾಯಿಲೆಗಳಲ್ಲೇ ಕಳೆದ ಬಾಲ್ಯ. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರೇ ಅವರಿಗೆ ಗುರು. ಕಾಲುಗಳನ್ನು ಹಿಂದೆ ಮುಂದೆ ಪೂರ್ತಿ ಚಾಚಿ ಕೂರುವ ಹನುಮಾನಾಸನವನ್ನು ಗುರುವಿನ ಅಪ್ಪಣೆಯಂತೆ ಪೂರ್ವಸಿದ್ಧತೆಯಿಲ್ಲದೆ ಮಾಡಹೋಗಿ, ಹುಡುಗನ ತೊಡೆಯ ಹಿಂಭಾಗದ ಸ್ನಾಯುಗಳು ಹರಿದವು.

1937ರಲ್ಲಿ ಯೋಗ ಕಲಿಸಲು ಪುಣೆಗೆ ಹೋದ ಅಯ್ಯಂಗಾರರ ಬಳಿಗೆ ಬಂದವರಲ್ಲಿ ವೃದ್ಧರು, ರೋಗಿಗಳೂ ಇದ್ದರು. ಕೈ ನೆಲಕ್ಕೆ ಎಟುಕದಿದ್ದರೆ ಅಂಗೈ ಕೆಳಗೆ ಇಟ್ಟಿಗೆ. ಬೆನ್ನು ಬಾಗದಿದ್ದರೆ ಕುರ್ಚಿಯ ಆಸರೆ. ಭಾರ ಹೊರಲು ಆಸರೆ ಸಿಕ್ಕಾಗ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ಭಂಗಿಯಲ್ಲಿ ಹೆಚ್ಚು ಹೊತ್ತು ನಿಲ್ಲಬಹುದು ಎಂಬುದು ಇದರ ತರ್ಕ.

ಅದು ಅವರಿಗೇ ಬೇಕಾದದ್ದು 1979ರಲ್ಲಿ. ಸ್ಕೂಟರ್ ಅಪಘಾತದಲ್ಲಿ ಬೆನ್ನು, ಭುಜಗಳಿಗೆ ಪೆಟ್ಟಾಯಿತು. ದಶಕಗಳಿಂದ ಕರಗತವಾಗಿದ್ದ ಆಸನಗಳು ಕೈಕೊಟ್ಟವು. ಅರವತ್ತರ ಹರೆಯದ ಗುರು, ಹೊಸ ಶಿಷ್ಯನಂತೆ ಮೊದಲ ಪಾಠದಿಂದ ಆರಂಭಿಸಿದರು. ಚೇತರಿಕೆಗೆ ವರ್ಷಗಳೇ ಹಿಡಿದವು. ಇಳಿವಯಸ್ಸಿನಲ್ಲೂ ಅಭ್ಯಾಸ ಬಿಡದ ಅವರು 2014ರಲ್ಲಿ ತೀರಿಕೊಂಡರು.

ಪೆಟ್ಟು ತಿಂದವರಿಗೆ ಈ ಬದುಕಿನ ಎರಡು ಗಾಯಗಳೂ ಪಾಠವೇ. ಮೊದಲನೆಯದು ಅವಸರದ ಫಲ. ಎರಡನೆಯದು ವಾಸಿಯಾಗುತ್ತ ಬಂದದ್ದು ತಾಳ್ಮೆಯಿಂದ. ವೈದ್ಯರ ಸಮ್ಮತಿ, ಬಲ್ಲ ಗುರುವಿನ ಕಣ್ಗಾವಲು ಇಲ್ಲದೆ ಮುರಿದ ಮೂಳೆ, ಹರಿದ ಸ್ನಾಯುಗಳನ್ನು ಆಸನಕ್ಕೆ ಒಡ್ಡುವುದು ಸಾಧನೆಯಲ್ಲ. ಇಟ್ಟಿಗೆಯ ಆಸರೆ ಪಡೆಯುವುದು ಸೋಲೂ ಅಲ್ಲ.