ಲಾಲ್‌ಬಾಗಿನ ಹೆಸರು, ಮಣಿಪಾಲದ ಸುದ್ದಿ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅಂತ್ಯಸಂಸ್ಕಾರ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಮುಂದಿನವರು ಯಾರೆಂಬ ಲೆಕ್ಕಾಚಾರ ಶುರುವಾಯಿತು. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯೇ? ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯೇ? ಜಗಜೀವನ್ ರಾಮ್ ಅವರೇ?

ಜುಲೈಯಲ್ಲಿ ಕಾಂಗ್ರೆಸ್ ಅಧಿವೇಶನ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯಿತು. ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಹಿರಿಯ ನಾಯಕರ ಗುಂಪು ಬಹುಮತದಿಂದ ರೆಡ್ಡಿಯವರನ್ನು ಆರಿಸಿತು. ಇಂದಿರಾ ಗಾಂಧಿ ಸೂಚಿಸಿದ್ದ ಜಗಜೀವನ್ ರಾಮ್ ಹೆಸರು ಬಿದ್ದುಹೋಯಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಗಿರಿ ಪಕ್ಷೇತರರಾಗಿ ನಿಲ್ಲುವುದಾಗಿ ಹೇಳಿದರು. ಆಳುವ ಪಕ್ಷದ ಅಭ್ಯರ್ಥಿ ಸೋತ ದಾಖಲೆ ಅದುವರೆಗೆ ಇರಲಿಲ್ಲವಾದ್ದರಿಂದ ರೆಡ್ಡಿ ಗೆದ್ದಂತೆಯೇ ಎಂಬ ಮಾತಿತ್ತು.

ಎಲ್ಲರ ಕಣ್ಣು ಹೆಸರಿನ ಮೇಲಿದ್ದಾಗ ಇಂದಿರಾ ಬೇರೆ ಕಡೆ ಪೆಟ್ಟು ಕೊಟ್ಟರು. ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರ ಶನಿವಾರ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಗಿರಿ ಸಹಿ ಹಾಕಿದರು, ಮರುದಿನ ರಾಜೀನಾಮೆ ಕೊಟ್ಟು ಚುನಾವಣೆಗಿಳಿದರು.

ಆ ಹದಿನಾಲ್ಕರಲ್ಲಿ ಎರಡು ಕರಾವಳಿಯವು. ಒಂದು, 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕ್. ಇನ್ನೊಂದು, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಹುಟ್ಟಿ, ಕಷ್ಟದಲ್ಲಿದ್ದ ನೇಕಾರರಿಗೆ ನೆರವಾದ ಬ್ಯಾಂಕ್ ಅದು. 1928ರಿಂದ ಅದರ ಏಜೆಂಟರು ಮನೆಮನೆ, ಅಂಗಡಿ ಅಂಗಡಿ ಸುತ್ತಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಹಣ ಸಂಗ್ರಹಿಸುತ್ತಿದ್ದರು. 50 ಕೋಟಿ ಮೀರಿ ಠೇವಣಿಯಿದ್ದ ಬ್ಯಾಂಕುಗಳೇ ಸರ್ಕಾರದ ಪಟ್ಟಿಯಲ್ಲಿದ್ದುದು; ಆ ಚಿಲ್ಲರೆ ಕಾಸಿನ ಉಳಿತಾಯವೂ ಸೇರಿ ಬೆಳೆದ ಬ್ಯಾಂಕು ಆ ಪಟ್ಟಿಗೆ ಬಂದಿತ್ತು. ದೆಹಲಿಯ ಗದ್ದುಗೆ ಜಗಳ ಉಡುಪಿಯ ಉಳಿತಾಯಗಾರರ ಪಾಸ್‌ಬುಕ್ಕಿನವರೆಗೆ ಬಂತು.

ಮತದಾನ ಆಗಸ್ಟ್ 16ಕ್ಕೆ. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿದ್ದ ಇಂದಿರಾ, ಕೊನೆಯ ಗಳಿಗೆಯಲ್ಲಿ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳ ಜತೆ ಮಾತಾಡಿದ್ದನ್ನು ಇಂದಿರಾ ಬಣ ಚೆನ್ನಾಗಿ ಬಳಸಿಕೊಂಡಿತು.

ಆಗಸ್ಟ್ 20ರ ಎಣಿಕೆಯಲ್ಲಿ ಗಿರಿಗೆ ಸಿಕ್ಕ ಮೊದಲ ಪ್ರಾಶಸ್ತ್ಯದ ಮತಮೌಲ್ಯ 4,01,515, ರೆಡ್ಡಿಗೆ 3,13,548, ಜನಸಂಘ, ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶ್‌ಮುಖ್‌ಗೆ 1,12,769. ಗೆಲುವಿಗೆ ಬೇಕಿದ್ದುದು 4,18,169. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಎರಡನೇ ಪ್ರಾಶಸ್ತ್ಯ ಎಣಿಸುತ್ತ ಹೋದರು. ದೇಶ್‌ಮುಖ್ ಮತಗಳು ಹೆಚ್ಚಾಗಿ ರೆಡ್ಡಿಯತ್ತ ಹರಿದರೂ ಗಿರಿ 4,20,077ಕ್ಕೆ ಮುಟ್ಟಿದರು. ರೆಡ್ಡಿ 4,05,427ಕ್ಕೆ ನಿಂತರು. ರಾಷ್ಟ್ರಪತಿ ಚುನಾವಣೆ ಎರಡನೇ ಪ್ರಾಶಸ್ತ್ಯದಲ್ಲಿ ತೀರ್ಮಾನವಾದದ್ದು ಅದೊಂದೇ ಸಲ.

ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಲಾಲ್‌ಬಾಗಿನಲ್ಲಿ ಖಚಿತವೆನಿಸಿದ್ದ ಸಂಜೀವ ರೆಡ್ಡಿ ರಾಷ್ಟ್ರಪತಿಯಾದದ್ದು 1977ರಲ್ಲಿ, ಅವಿರೋಧವಾಗಿ.